ಶಾಸ್ತ್ರದಲ್ಲಿ ಹಾಗೇ ಇದೆಯಾ?

ಪ್ರಶ್ನೆ: ಸರ್, ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ತೊಗರಿ ಹೊಲದಲ್ಲಿ ನನ್ನ ಪಾಲು ಕೇಳಿದರೆ ಅಣ್ಣ, ‘ಧರ್ಮಶಾಸ್ತ್ರಕ್ಕೆ ಒಂದೇ ಅರ್ಥ, ಹೆಣ್ಣುಮಕ್ಕಳಿಗೆ ಆಸ್ತಿ ಇಲ್ಲ’ ಅಂತಾನೆ. ಧರ್ಮಗ್ರಂಥಕ್ಕೆ ನಿಜವಾಗಿಯೂ ಒಂದೇ ಅರ್ಥ ಇರುತ್ತಾ?
– ಓದುಗರೊಬ್ಬರು, ಸೇಡಂ

ಉತ್ತರ: ತಂಗಿ, ನಿಮ್ಮಣ್ಣನನ್ನು ಒಮ್ಮೆ ಶಹಾಬಾದ್ ಹತ್ತಿರದ ಮರತೂರಿಗೆ ಕರೆದುಕೊಂಡು ಹೋಗಿ. ದೂರವೇನಲ್ಲ. ವಿಜ್ಞಾನೇಶ್ವರನ ಊರು ಅದು. ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿ ಎಂಬ ಧರ್ಮಶಾಸ್ತ್ರ ಗ್ರಂಥಕ್ಕೆ ಮಿತಾಕ್ಷರ ಎಂಬ ಟೀಕೆ ಬರೆದ.

ಆ ಸ್ಮೃತಿಯಲ್ಲಿ ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯ, ಪಟ್ಟಿ ಇದೆ. ತಂದೆ ತಾಯಿ ಕೊಟ್ಟದ್ದು, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುವಾಗ ಮೊದಲ ಹೆಂಡತಿಗೆ ಕೊಟ್ಟದ್ದೂ ಉಂಟು, ಅದರ ಹೆಸರು ಆಧಿವೇದನಿಕ. ಕೊನೆಗೆ ‘ಆದ್ಯ’ ಅಂತ ಒಂದು ಪುಟ್ಟ ಮಾತು: ಮೊದಲಾದದ್ದು. ವಿಜ್ಞಾನೇಶ್ವರ ಆ ಸಣ್ಣ ಸಂದಿಯಲ್ಲೇ ಬಾಗಿಲು ತೆಗೆದ. ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕದ್ದು, ಎಲ್ಲವೂ ಸ್ತ್ರೀಧನವೇ ಅಂದ. ಬಂಗಾಳದ ಧರ್ಮಶಾಸ್ತ್ರ ಪಂಡಿತ ಜೀಮೂತವಾಹನ ಅದೇ ಶ್ಲೋಕ ಓದಿದ. ಆದರೆ ಅವನ ಪಾಠದಲ್ಲಿ ‘ಆದ್ಯ’ವೇ ಇಲ್ಲ, ಆ ಜಾಗದಲ್ಲಿ ಬರೀ ‘ಮತ್ತು’ ಅನ್ನುವ ಅರ್ಥದ ‘ಚೈವ’ ಇದೆ! ಅರ್ಥ ಹಾಗಿರಲಿ, ಇಬ್ಬರ ಅಕ್ಷರವೇ ಒಂದಲ್ಲ. ಮುಂದೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು ಪ್ರಿವಿ ಕೌನ್ಸಿಲ್ ಬಂದು, ವಾರಸಿನಿಂದ ಬಂದದ್ದು ಸ್ತ್ರೀಧನವಲ್ಲ ಅಂತ ಮರತೂರಿನವನ ಮಾತನ್ನೇ ತಳ್ಳಿಹಾಕಿತು.

ಹಾಗಂತ ಅವನನ್ನು ಹೆಣ್ಣುಮಕ್ಕಳ ವಕೀಲ ಅಂದುಕೊಳ್ಳಬೇಡಿ. ಹುಟ್ಟಿನಿಂದಲೇ ಪಾಲು ಅಂತ ಅವನು ಹೇಳಿದ್ದು ಗಂಡುಮಕ್ಕಳಿಗೆ. ಯಾರು ಹೇಗೆ ಬೇಕಾದರೂ ಅರ್ಥ ಹೇಳಬಹುದು ಅಂತಲೂ ನಾನು ಹೇಳುತ್ತಿಲ್ಲ. ಅವನು ಒಂದೊಂದು ಪದಕ್ಕೂ ಕಾರಣ ಕೊಟ್ಟು ವಾದ ಮಾಡಿದ. ನಿಮ್ಮಣ್ಣ ಯಾವ ಶ್ಲೋಕ ಓದಿದ್ದಾರೆ, ಕೇಳಿದಿರಾ?

ನಮ್ಮ ಮನೆಯಲ್ಲೂ ಯಾರೂ ಓದಿರಲಿಲ್ಲ. 1989ರಲ್ಲಿ ಅಕ್ಕನಿಗೆ ಒಂದು ಇಳಕಲ್ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದೆವು. ಶಾಯಿ ಡಬ್ಬಿ ಹಿಡಿದವನು ನಾನೇ. ಅಕ್ಕ ಬೆರಳನ್ನು ಹಳೇ ಸೀರೆಯ ಸೆರಗಿಗೆ ಒರೆಸಿಕೊಂಡಳು, ಹೊಸದಕ್ಕೆ ಕಲೆ ಆಗಬಾರದು ಅಂತ. ‘ಶಾಸ್ತ್ರದಲ್ಲೇ ಹಾಗಿದೆ’ ಅಂತ ಅವತ್ತು ನಾನೂ ಹೇಳಿದ್ದೆ.

ಇನ್ನು ನಿಮ್ಮ ಹೊಲದ ಮಾತು. ಅದನ್ನು ತೀರ್ಮಾನಿಸುವುದು ಶಾಸ್ತ್ರ ಅಲ್ಲ, ಕಾನೂನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಗಟ್ಟಿ ಮಾಡಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪಾಲುಪತ್ರ, ಪಾಲಿನ ಕೋರ್ಟ್ ಡಿಕ್ರಿ ಅಥವಾ ಮಾರಾಟದಂಥದ್ದು ಇದ್ದರೆ ತೊಡಕು. ಪಹಣಿ ತೆಗೆಸಿ ವಕೀಲರಿಗೆ ತೋರಿಸಿ. ನೀವೇನಾದರೂ ಯಾವುದಾದರೂ ಪತ್ರಕ್ಕೆ ಸಹಿ ಹಾಕಿದ್ದೀರಾ? ಅದನ್ನು ಬರೆದಿಲ್ಲ. ತಿಳಿಸಿ.