ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಾಗ ಎಷ್ಟು ತಾಸು?

ಅಣ್ಣಾರ, ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಾಗ ಎಷ್ಟು ದೂರ, ಅವ್ವನ್ನ ಕರ್ಕೊಂಡು ಹೋದ್ರ ಎಷ್ಟು ತಾಸು ಹಿಡೀತೈತಿ ಅಂತ ಕೇಳೀರಿ. ನೆಟ್ಟಗ ಅಳದ್ರ ಸುಮಾರು 445 ಕಿಮೀ. ರಸ್ತೆದಾಗ 500ರ ಮ್ಯಾಲ. ಹಾರೂದು ತಾಸು, ತಾಸು-ಕಾಲು ಅಷ್ಟ. ಪಂಖದ ಸಣ್ಣ ವಿಮಾನ ಇದ್ರ ಇನ್ನೊಂದೀಟು ತಡ.

ಆದ್ರ ಅದನ್ನಷ್ಟ ಲೆಕ್ಕಾ ಹಿಡೀಬ್ಯಾಡ್ರಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಊರಿಂದ ಹತ್ತು ಕಿಮೀ, ಮುಟ್ಟೂದು ಸಲೀಸು. ಖರೇ ಹೊತ್ತು ಹೋಗೂದು ದೇವನಹಳ್ಳಿಯಾಗ ಇಳದ ಮ್ಯಾಲ. ಹೋದ ಸಲ ನಾ ಮೆಜೆಸ್ಟಿಕ್ ಮುಟ್ಟೂದ್ರಾಗ ಎರಡು ತಾಸು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಹೆಬ್ಬಾಳದ ಫ್ಲೈಓವರ್ ಮ್ಯಾಲನ ಮುಗದಿತ್ತು! ಮನಿಯಿಂದ ಮನಿಗೆ ಐದಾರು ತಾಸು ಹಿಡೀರಿ. ಅವ್ವಾರಿಗೆ ಮೊಣಕಾಲು ನೋವಿದ್ರ ಟಿಕೆಟ್ ತಗೊಳ್ಳುವಾಗನ ವ್ಹೀಲ್‌ಚೇರ್ ಹೇಳಿಬಿಡ್ರಿ.