ಅಕ್ಷರ ಎಣಿಸಿ ಸಾಲು ಕತ್ತರಿಸಬೇಡಿ

ಅಕ್ಕಾ, ಆ ಮೂರನೇ ಸಾಲನ್ನು ದಯವಿಟ್ಟು ಮುಟ್ಟಬೇಡಿ. ನಿಮ್ಮ ಮಗಳ ಪದ್ಯ ಇದು:

ಮಳೆಯು ಸುರಿಯಲಿ ಮಳೆಯು ನಿಲ್ಲಲಿ
ಹೊಳೆಯ ನೀರಿಗೆ ನಿದ್ದೆಯೇ
ಎಳೆಯ ಚಿಗುರಲಿ ಮರದ ನೆರಳಲಿ
ಬೆಳೆವ ಕಾಫಿಗೆ ನಿದ್ದೆಯೇ

ಅಕ್ಷರ 13, 9, 14, 9 ಬಂತು, ‘ಚಿಗುರಲಿ’ಯನ್ನು ‘ಚಿಗುರು’ ಮಾಡಿದರೆ ಸರಿಹೋಗುತ್ತದೆ ಅಂದಿದ್ದೀರಿ. ನಾನೂ ಹೀಗೇ ಎಣಿಸಿ ಒಳ್ಳೊಳ್ಳೆಯ ಸಾಲು ಕತ್ತರಿಸಿದವನು, ಅದಕ್ಕೇ ಹೇಳುತ್ತಿದ್ದೇನೆ. ಮಾತ್ರೆ, ಅಂದರೆ ಉಚ್ಚಾರಣೆಯ ಕಾಲದ ಅಳತೆ, ಹಾಕಿ ನೋಡಿ: ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಆಗ ಸಾಲುಗಳು 14, 12, 14, 12. ‘ನಿಲ್ಲಲಿ’ಯಲ್ಲಿ ಒತ್ತಕ್ಷರದ ಹಿಂದಿನ ‘ನಿ’ ಗುರು, ಮೂರೇ ಅಕ್ಷರಕ್ಕೆ ನಾಲ್ಕು ಮಾತ್ರೆ. ‘ಚಿಗುರಲಿ’ ನಾಲ್ಕೂ ಲಘು. ಎರಡೂ ಒಂದೇ ತೂಕ.

ಪ್ರಸ್ತಾರ ಹಾಕುವ (ಲಘು-ಗುರು ಗುರುತು ಬರೆಯುವ) ಮೊದಲು ಕೈತಟ್ಟಿ ಓದಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಗಣ (ಮಾತ್ರೆಗಳ ಗುಂಪು, ಇಲ್ಲಿ 3 ಮತ್ತು 4) ಶುರುವಾಗುವಲ್ಲಿ ಮಾತ್ರ ಚಪ್ಪಾಳೆ. ‘ನಿದ್ದೆ’ ಮೂರು, ‘ಯೇ’ ಎರಡು, ಆಮೇಲೆ ಎರಡು ಮಾತ್ರೆ ಬಾಯಿ ಸುಮ್ಮನಿರುತ್ತದೆ, ಕೈ ಮಾತ್ರ ಲೆಕ್ಕ ಬಿಡುವುದಿಲ್ಲ. ಆ ಮೌನ ಸೇರಿ 14. ‘ಚಿಗುರು’ ಅಂತ ಓದಿ ನೋಡಿ, ಕೈ ಅಲ್ಲೇ ಎಡವುತ್ತದೆ. ಮೊಬೈಲಿನಲ್ಲಿ ಲಘು ಗುರು ಹಾಕಿಕೊಡುವ ಆ್ಯಪ್‌ಗಳನ್ನು ಆಮೇಲೆ ತಾಳೆ ನೋಡಲು ಇಟ್ಟುಕೊಳ್ಳಿ. ಮೊದಲೇ ತೆರೆದರೆ ಕಿವಿ ಪಳಗುವುದೇ ಇಲ್ಲ. ಪ್ರಸ್ತಾರಕ್ಕೆ ಚೌಕಳಿ ಪುಸ್ತಕ, ನಟರಾಜ್ ಪೆನ್ಸಿಲ್ ಸಾಕು, ಪೆನ್ನು ಬೇಡವೇ ಬೇಡ.

ಭಾಮಿನಿ ಷಟ್ಪದಿಯ ಮೊದಲ ಸಾಲಿನ ನಡೆಯೂ 3-4-3-4 ಅಂತ ಇದನ್ನು ಭಾಮಿನಿ ಅಂದುಬಿಡಬೇಡಿ, ಆರು ಸಾಲು ಎಲ್ಲಿದೆ? ಅಕ್ಷರ ಎಣಿಸಲೇಬೇಕು ಅಂದರೆ ಅಕ್ಷರವೃತ್ತಗಳಿವೆ: ಸಾಲಿಗೆ ಉತ್ಪಲಮಾಲೆಗೆ 20, ಚಂಪಕಮಾಲೆಗೆ 21, ಅಲ್ಲಿ ಎಣಿಸಿ. ತ್ರಿಪದಿ, ಸಾಂಗತ್ಯ ಅಂಶಗಣದವು (ಹಾಡಿನ ಲಯಕ್ಕೆ ತಕ್ಕಂತೆ ಮಾತ್ರೆ ಹೆಚ್ಚುಕಡಿಮೆಯಾಗುವ ಗಣ), ಅಲ್ಲಿ ಈ ಮಾತ್ರೆ ಲೆಕ್ಕವೂ ನಡೆಯದು. ಹಳಗನ್ನಡದ ಶಿಥಿಲದ್ವಿತ್ವವಾದರೆ (ತೇಲಿಸಿ ಉಚ್ಚರಿಸುವ ಒತ್ತಕ್ಷರ) ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು.

ಇನ್ನು ಪ್ರಾಸ. ‘ನಿದ್ದೆಯೇ-ನಿದ್ದೆಯೇ’ ಅಂತ್ಯಪ್ರಾಸ ಅಂದಿದ್ದೀರಿ. ಅದೇ ಪದ ಮತ್ತೆ ಬಂದರೆ ಅದು ಪುನರಾವೃತ್ತಿ, ಪಲ್ಲವಿಯ ಕೆಲಸ ಮಾಡುತ್ತಿದೆ. ಮೊದಲು ಹೊಳೆಗೆ ಕೇಳಿದ ಪ್ರಶ್ನೆಯನ್ನು ಕಾಫಿಗೂ ಕೇಳುತ್ತಾಳಲ್ಲ, ಪದ್ಯದ ಜೀವವೇ ಅದು, ಅದನ್ನು ನೀವು ‘ಚರ್ವಿತಚರ್ವಣ’ (ಅಗಿದದ್ದನ್ನೇ ಅಗಿಯುವುದು) ಅಂತ ಬರೆದದ್ದು ಅನ್ಯಾಯ. ನಿಜವಾದ ಪ್ರಾಸ ನಿಮ್ಮ ಕಣ್ಣಿಗೇ ಬಿದ್ದಿಲ್ಲ: ಮಳೆ, ಹೊಳೆ, ಎಳೆ, ಬೆಳೆ. ನಾಲ್ಕೂ ಸಾಲಿನ ಎರಡನೇ ಅಕ್ಷರ ಳಕಾರ, ಹಿಂದಿನದು ಎಲ್ಲ ಕಡೆ ಲಘು. ಚೊಕ್ಕ ಆದಿಪ್ರಾಸ! ಸುರಿಯಲಿ-ನಿಲ್ಲಲಿ, ಚಿಗುರಲಿ-ನೆರಳಲಿ ಒಳಪ್ರಾಸ ಬೇರೆ.

ಆಕೆ ಕೊಡವ ತಕ್ಕ್‌ನಲ್ಲೂ (ಕೊಡವರ ಭಾಷೆಯಲ್ಲೂ) ಬರೆಯುತ್ತಾಳೆ ಅಂದಿರಿ. ಅಲ್ಲಿ ಲಿಪಿ ನಂಬಬೇಡಿ. ‘ಪಾಟ್’ (ಹಾಡು) ಅಂತ ಬರೆದರೂ ಕೊನೆಯಲ್ಲಿ ಒಂದು ಕಿರುಸ್ವರ ಬಾಯಲ್ಲಿರುತ್ತದೆ, ಅದಕ್ಕೂ ಮಾತ್ರೆ ಕೊಡಬೇಕು. ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬಕ್ಕೆ) ದುಡಿ ಎಂಬ ಪುಟ್ಟ ವಾದ್ಯ ಹಿಡಿದು ಬಾಳೋಪಾಟ್ ಎಂಬ ಜನಪದ ಹಾಡು ಹಾಡುವವರ ಹತ್ತಿರ ಕೂರಿಸಿ, ರೆಕಾರ್ಡ್ ಮಾಡಿಕೊಂಡು ಬರಲಿ.