ಓದುಗರ ಪ್ರಶ್ನೆ: ಖಾತೆ ಹತ್ತಾದರೂ ಕೈ ಒಂದೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಒಂದೇ ವಿಷಯವನ್ನು ಹತ್ತಾರು ಎಕ್ಸ್ ಖಾತೆಗಳು ಒಟ್ಟಿಗೆ ಹಾಕುತ್ತಿವೆ. ಬರೆದಿದ್ದರಲ್ಲಿ ಸುಳ್ಳು ಕಾಣುತ್ತಿಲ್ಲ. ಯಾರೋ ಮಾಡಿಸುತ್ತಿರುವ ಪ್ರಚಾರ ಇದು ಎಂದು ಪತ್ತೆ ಹಚ್ಚಬಹುದೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಚ್ಚಬಹುದು. ಆದರೆ ಬರಹದಲ್ಲಿ ಸುಳ್ಳು ಹುಡುಕುತ್ತ ಕೂರಬೇಡಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, ನಕಲಿ ಖಾತೆಗಳಿಂದ ಪ್ರಚಾರ ನಡೆಸುತ್ತಿದ್ದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಎಂಬ ಸಂಸ್ಥೆ ಅಮೆರಿಕದ ಊರುಗಳ ಹೆಸರಿನಲ್ಲಿ ಖಾತೆ ತೆರೆದು ನಿಜವಾದ ಸ್ಥಳೀಯ ಸುದ್ದಿಯನ್ನೇ ಹಂಚುತ್ತಿತ್ತು. ಸುಳ್ಳಿದ್ದದ್ದು ಹಂಚುವವರ ಗುರುತಿನಲ್ಲಿ. 2016ರ ಮೇ 21ರಂದು ಹ್ಯೂಸ್ಟನ್‌ನ ಇಸ್ಲಾಮಿಕ್ ಕೇಂದ್ರವೊಂದರ ಎದುರು ಎರಡು ಗುಂಪುಗಳು ಮುಖಾಮುಖಿಯಾಗಿ ನಿಂತವು. ಒಂದನ್ನು ಕರೆದದ್ದು ‘ಹಾರ್ಟ್ ಆಫ್ ಟೆಕ್ಸಾಸ್’, ಇನ್ನೊಂದನ್ನು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಫೇಸ್‌ಬುಕ್ ಪುಟ. ಎರಡೂ ಪುಟಗಳು ಆ ಏಜೆನ್ಸಿಯವೇ. ಬೀದಿಗಿಳಿದವರಿಗೆ ಅದು ಗೊತ್ತಿರಲಿಲ್ಲ.

ನೀವು ನೋಡಬೇಕಾದದ್ದು ಸಮಯ. ಎಕ್ಸ್ ತೆರೆಯ ಮೇಲೆ ನಿಮಿಷ ಮಾತ್ರ ಕಾಣುತ್ತದೆ. ಸೆಕೆಂಡು ಪೋಸ್ಟ್‌ನ ವಿಳಾಸದ ಕೊನೆಯ ಉದ್ದ ಸಂಖ್ಯೆಯಲ್ಲಿ ಅಡಗಿದೆ. ಅದನ್ನು 4194304ರಿಂದ ಭಾಗಿಸಿ, 1288834974657 ಕೂಡಿಸಿ. 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳು ಸಿಗುತ್ತವೆ. ಎಕ್ಸೆಲ್‌ನಲ್ಲಿ ಅದನ್ನು 86400000ರಿಂದ ಭಾಗಿಸಿ 25569 ಕೂಡಿಸಿದರೆ ಗ್ರೀನ್‌ವಿಚ್ ಸಮಯ, ಮತ್ತೆ 5.5/24 ಸೇರಿಸಿದರೆ ನಮ್ಮ ಸಮಯ. ಎಲ್ಲರೂ ಎಡವುವುದು ಇಲ್ಲೇ: ಎಕ್ಸೆಲ್ 15 ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಂಡು ಉಳಿದವನ್ನು ಸೊನ್ನೆ ಮಾಡುತ್ತದೆ. ಸಮಯದ ಲೆಕ್ಕ ಅದರಿಂದ ಕೆಡುವುದಿಲ್ಲ, ಆದರೆ ಆ ಸಂಖ್ಯೆಯಿಂದ ಪೋಸ್ಟ್ ಮತ್ತೆ ತೆರೆಯುವುದಿಲ್ಲ. ಹಾಗಾಗಿ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿ, ಆಮೇಲೆ ಪೇಸ್ಟ್ ಮಾಡಿ.

ಇನ್ನು 200 ಪೋಸ್ಟ್‌ಗಳನ್ನಾದರೂ ಪಟ್ಟಿ ಮಾಡಿ: ಖಾತೆ, ಸಮಯ, ಹಂಚಿದ ಲಿಂಕ್. ಒಂದೇ ಲಿಂಕನ್ನು 60 ಸೆಕೆಂಡಿನೊಳಗೆ ಹಾಕಿದ ಜೋಡಿಗಳನ್ನು ಗುರುತಿಸಿ. ಒಂದು ಸಲ ಹೊಂದಿಕೆಯಾದರೆ ಅದು ಕಾಕತಾಳೀಯ, ಲೆಕ್ಕಕ್ಕೆ ಬೇಡ. ಅದೇ ಜೋಡಿ ಬೇರೆ ಬೇರೆ ದಿನ, ಬೇರೆ ಬೇರೆ ಲಿಂಕ್‌ಗಳಲ್ಲಿ ಐದಾರು ಸಲ ಹಾಗೆ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಊರೆಲ್ಲ ಹಂಚಿದ ದೊಡ್ಡ ಸುದ್ದಿಯನ್ನು ಪಟ್ಟಿಯಿಂದ ತೆಗೆಯಿರಿ. ಯಾರೂ ಕೇಳದ ಸಣ್ಣ ಜಾಲತಾಣದ ಲಿಂಕ್‌ಗೇ ಹೆಚ್ಚು ಬೆಲೆ.

ಸಿನಿಮಾ ನಟರ ಅಭಿಮಾನಿಗಳು ‘ಸಂಜೆ 6ಕ್ಕೆ ಟ್ರೆಂಡ್ ಮಾಡೋಣ’ ಎಂದು ಮೊದಲೇ ಮಾತಾಡಿಕೊಂಡು ಹಾಕಿದರೂ ಲೆಕ್ಕ ಹೀಗೇ ಬರುತ್ತದೆ. ಸುದ್ದಿತಾಣದ ಶೇರ್ ಬಟನ್ ಒತ್ತಿದವರದೆಲ್ಲ ಒಂದೇ ಒಕ್ಕಣೆ. ಒಟ್ಟಾಗಿ ಹಾಕುವುದು ತಪ್ಪಲ್ಲ, ಯಾರು ಎಂಬುದನ್ನು ಮರೆಮಾಚಿ ಹಾಕುವುದು ತಪ್ಪು. ಅಮಾಯಕರೊಬ್ಬರ ಖಾತೆಗೆ ‘ಬಾಟ್’ (ಮನುಷ್ಯರ ಬದಲು ತಂತ್ರಾಂಶ ನಡೆಸುವ ಖಾತೆ) ಎಂದು ಹಣೆಪಟ್ಟಿ ಹಚ್ಚಿದರೆ ಆಗುವ ಹಾನಿ ದೊಡ್ಡದು. ಗುರುತು ಸುಳ್ಳು ಎನ್ನಲು ಬೇರೆ ಪುರಾವೆ ಸಿಗುವವರೆಗೆ ಖಾತೆಯ ಹೆಸರು ಬರೆಯಬೇಡಿ.

ಪ್ರಶ್ನೆ: ಪೋಸ್ಟ್ ಹಾಕುವ ಹೊತ್ತು ನೋಡಿ ಯಾವ ದೇಶದವರೆಂದು ಹೇಳಬಹುದಂತೆ, ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಅದೊಂದನ್ನೇ ನಂಬಿ ಹೇಳಲಾಗದು. 2018ರ ಫೆಬ್ರುವರಿಯಲ್ಲಿ 13 ರಷ್ಯನ್ನರು ಮತ್ತು 3 ಸಂಸ್ಥೆಗಳ ಮೇಲೆ ಅಮೆರಿಕ ಹೊರಿಸಿದ ದೋಷಾರೋಪದಲ್ಲೇ ಇದಕ್ಕೆ ಕಾರಣವಿದೆ: ಮೇಲೆ ಹೇಳಿದ ಇಂಟರ್ನೆಟ್ ರಿಸರ್ಚ್ ಏಜೆನ್ಸಿಯಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎರಡೂ ಇದ್ದವು; ಅಮೆರಿಕದ ಗಡಿಯಾರಕ್ಕೆ ಹೊಂದಿಸಿ ಬರೆಯಲು ಸೂಚನೆಯಿತ್ತು; ಅಲ್ಲಿನ ರಜಾದಿನಗಳ ಪಟ್ಟಿಯನ್ನೂ ಹಂಚಿದ್ದರು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಈ ಲೆಕ್ಕ ನಡೆಯುತ್ತದೆಯೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಇಲ್ಲ. ಸಂದೇಶ ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಎಂಬುದು ನಿಮಗೆ ಕಾಣುವುದೇ ಇಲ್ಲ. ಜೋಡಿ ಬಾಣದ ಗುರುತಿದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದಷ್ಟೇ ಅರ್ಥ. ಯಾರಾದರೂ ಅದನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಆ ಗುರುತೂ ಹೋಗುತ್ತದೆ.